ಸಾಲದ ಮಾತು ಕಾಗದದಲ್ಲಿರಲಿ



ಸಾಲ ಇಲ್ಲದ ಮನೆ ಯಾವುದು ಹೇಳಿ? ಬಿತ್ತನೆಗೆ ಸಾಲ. ಮಗಳ ಮದುವೆಗೆ ಸಾಲ. ಆಸ್ಪತ್ರೆಗೆ ಸಾಲ. ಸಾಲ ಮಾಡುವುದು ತಪ್ಪಲ್ಲ. ಕಟ್ಟಲು ಆಗದಾಗ ಹೆದರಿ ಬಾಗಿಲು ಹಾಕಿಕೊಂಡು ಕೂರುವುದು ತಪ್ಪು.

ಹಾಗಾದರೆ ಏನು ಮಾಡಬೇಕು? ಸಾಲ ಕೊಟ್ಟವರ ಜೊತೆ ಮಾತಾಡಬೇಕು. ಆ ಮಾತು ಬರಹದಲ್ಲಿ ಇರಬೇಕು. ಅದು ಹೇಗೆ ಎಂದು ಈ ಪಾಠದಲ್ಲಿ ತಿಳಿಯೋಣ.

ಒಬ್ಬ ಅಕ್ಕನ ವಿಷಯ

ಈ ಅಕ್ಕ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. "ನನ್ನ ಕಥೆ ಹೇಳಿ, ಹೆಸರು ಹೇಳಬೇಡಿ" ಅಂದಿದ್ದಾರೆ. ಅದಕ್ಕೇ ಹೆಸರು ಬರೆದಿಲ್ಲ.

ಅಕ್ಕ ಗುಂಪಿನಲ್ಲಿ ಸೇರಿ ಒಂದು ಕಂಪನಿಯಿಂದ 40,000 ರೂಪಾಯಿ ಸಾಲ ತೆಗೆದರು. ಎಮ್ಮೆ ತಂದರು. ತಿಂಗಳಿಗೆ 2,130 ರೂಪಾಯಿ ಕಂತು. ಒಟ್ಟು 24 ಕಂತು. ಡೇರಿಗೆ ಹಾಲು ಹಾಕಿ 13 ಕಂತು ತಪ್ಪದೆ ಕಟ್ಟಿದರು. ಆಮೇಲೆ ಎಮ್ಮೆ ಸತ್ತಿತು. ಕಂತು ನಿಂತಿತು.

ಕಂಪನಿಯ ಹುಡುಗ ಮನೆಗೆ ಬಂದ. ಗುಂಪಿನವರೂ ಬಂದರು. "ನಿನ್ನಿಂದ ನಮಗೂ ಸಾಲ ಸಿಗಲ್ಲ" ಅಂತ ಜಗಳ ಮಾಡಿದರು. ಅಕ್ಕ ಬೀದಿಗೆ ಬರುವುದನ್ನೇ ಬಿಟ್ಟರು.

ಒಂದು ದಿನ ಆ ಹುಡುಗ ಮೆತ್ತಗೆ ಹೇಳಿದ. "ಅಕ್ಕಾ, ಈಗ 6,000 ಕೊಟ್ಬಿಡಿ. ಉಳಿದಿದ್ದು ನಾನು ಆಫೀಸಿನಲ್ಲಿ ಮಾತಾಡಿ ಮುಗಿಸ್ತೀನಿ."

ಅಕ್ಕ ಕಿವಿಯ ಓಲೆ ಮಾರಿದರು. 6,000 ಕೊಟ್ಟರು. ರಸೀದಿ ಕೇಳಲಿಲ್ಲ. ಆಗ ಅವರು ಕೇಂದ್ರಕ್ಕೆ ಸೇರಿ ಒಂದು ತಿಂಗಳಾಗಿತ್ತು. ಇನ್ನೂ ಅಕ್ಷರ ಕೂಡಿಸುತ್ತಿದ್ದರು.

ಎರಡು ತಿಂಗಳ ಮೇಲೆ ಬೇರೆ ಹುಡುಗ ಬಂದ. "ಯಾವ 6,000? ನಮ್ಮ ಲೆಕ್ಕದಲ್ಲಿ ಇಲ್ವಲ್ಲ" ಅಂದ. ಮೊದಲಿನವನು ಕೆಲಸ ಬಿಟ್ಟು ಹೋಗಿದ್ದ.

ಅಂದು ಸಂಜೆ ಅಕ್ಕ ಸಾಲದ ಕಾರ್ಡು ಹಿಡಿದು ಕೇಂದ್ರಕ್ಕೆ ಬಂದರು. ನಾನು ಓದಿ ಹೇಳಲಿಲ್ಲ. ಅವರೇ ಬೆರಳಿಟ್ಟು ಓದಿದರು. ಒಂದು, ಎರಡು, ಮೂರು... 13 ಸಾಲಿನಲ್ಲಿ ಹಣ ಇದೆ, ಸಹಿ ಇದೆ. 14ನೇ ಸಾಲು ಖಾಲಿ. "ಟೀಚರ್, ಇಲ್ಲಿ ಏನೂ ಬರೆದೇ ಇಲ್ಲ" ಅಂದರು. ಕಣ್ಣಲ್ಲಿ ನೀರು ಬಂತು.

ಬಾಯಿ ಮಾತಿಗೆ ಸಾಕ್ಷಿ ಇಲ್ಲ. ಹುಡುಗ ಹೋದ, ಅವನ ಮಾತೂ ಹೋಯಿತು.

ಮೊದಲು ಲೆಕ್ಕ ಹಾಕಿ

ಪತ್ರ ಬರೆಯುವ ಮೊದಲು ಎರಡು ಲೆಕ್ಕ ಬೇಕು.

ಒಂದು, ಸಾಲದ ಲೆಕ್ಕ. ಅಕ್ಕನಿಗೆ ಉಳಿದದ್ದು 11 ಕಂತು. 11 ಸಲ 2,130 ಅಂದರೆ 23,430 ರೂಪಾಯಿ. ಇದರಲ್ಲಿ ಅಸಲು ಎಷ್ಟು, ಬಡ್ಡಿ ಎಷ್ಟು? ತಡವಾದದ್ದಕ್ಕೆ ದಂಡ ಎಷ್ಟು ಹಾಕಿದ್ದಾರೆ? ಇದನ್ನು ಕಂಪನಿಯಿಂದಲೇ ಬರೆಸಿ ತರಿಸಬೇಕು. ಇಂಥ ಕಿರುಸಾಲಕ್ಕೆ 2022ರಲ್ಲಿ ರಿಸರ್ವ್ ಬ್ಯಾಂಕು ನಿಯಮ ಮಾಡಿದೆ. ಸಾಲದ ಕಾರ್ಡು ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಕಟ್ಟಿದ ಪ್ರತಿ ಕಂತಿಗೂ ಗುರುತು ಇರಬೇಕು.

ಎರಡು, ಮನೆಯ ಲೆಕ್ಕ. ಅಕ್ಕ ಹೀಗೆ ಬರೆದರು:

ತಿಂಗಳಿಗೆ ಬರುವ ಹಣ: 9,000
ಮನೆಯ ಖರ್ಚು: 7,800
ಉಳಿಯುವುದು: 1,200

ಹಾಗಾದರೆ ಅವರು ಒಪ್ಪಬಹುದಾದ ಕಂತು 1,200. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಒಪ್ಪಬಾರದು. ಮರ್ಯಾದೆಗೆ ಅಂಜಿ 2,000 ಕಟ್ಟುತ್ತೇನೆ ಅಂದರೆ ಮುಂದಿನ ತಿಂಗಳೇ ಮಾತು ತಪ್ಪುತ್ತದೆ. ಹಳೆ ಸಾಲ ಕಟ್ಟಲು ಹೊಸ ಸಾಲ ಮಾಡುವುದೂ ಬೇಡ. ಅದು ಬೆಂಕಿ ಆರಿಸಲು ಸೀಮೆಎಣ್ಣೆ ಸುರಿದ ಹಾಗೆ.

ಎರಡು ದಾರಿ ಇವೆ

ಮೊದಲ ದಾರಿ: ಕಂತು ಸಣ್ಣದು ಮಾಡಿಸಿ, ತಿಂಗಳು ಹೆಚ್ಚು ಮಾಡಿಸುವುದು. ಇದರಲ್ಲಿ ಬಡ್ಡಿ ಸ್ವಲ್ಪ ಹೆಚ್ಚಾಗುತ್ತದೆ. ಆದರೆ ಕಟ್ಟಲು ಆಗುತ್ತದೆ.

ಎರಡನೇ ದಾರಿ: ರಾಜಿ ತೀರುವಳಿ. ಒಟ್ಟು ಬಾಕಿಯಲ್ಲಿ ಸ್ವಲ್ಪ ಬಿಟ್ಟು, ಉಳಿದದ್ದನ್ನು ಒಂದೇ ಸಲ ಕಟ್ಟಿ ಮುಗಿಸುವುದು. ಇದಕ್ಕೆ ಕೈಯಲ್ಲಿ ಹಣ ಇರಬೇಕು. ಬ್ಯಾಂಕುಗಳು, ಕಂಪನಿಗಳು ಹೀಗೆ ರಾಜಿ ಮಾಡಿಕೊಳ್ಳಲು ರಿಸರ್ವ್ ಬ್ಯಾಂಕು 2023ರ ಜೂನ್ 8ರಂದು ನಿಯಮ ಹೊರಡಿಸಿದೆ. ಆದರೆ ರಾಜಿ ಮಾಡಲೇಬೇಕು ಎಂದು ನಾವು ಹಕ್ಕಿನಿಂದ ಕೇಳಲು ಬರುವುದಿಲ್ಲ. ಅವರು ಒಪ್ಪಬೇಕು.

ರಾಜಿಯಲ್ಲಿ ಇನ್ನೊಂದು ವಿಷಯ ಇದೆ. ನಮ್ಮ ಸಾಲದ ದಾಖಲೆಯನ್ನು ಜನ ಸಿಬಿಲ್ ಅಂತಾರೆ. ಪೂರ್ತಿ ಕಟ್ಟಿದರೆ ಅದರಲ್ಲಿ "ಮುಗಿದಿದೆ" ಎಂದು ಬರುತ್ತದೆ. ರಾಜಿ ಮಾಡಿಕೊಂಡರೆ "ರಾಜಿಯಲ್ಲಿ ಮುಗಿದಿದೆ" ಎಂದು ಬರುತ್ತದೆ. ಆಗ ಮುಂದೆ ಸಾಲ ಸಿಗುವುದು ಕಷ್ಟ ಆಗಬಹುದು. ಇದನ್ನು ತಿಳಿದು ಒಪ್ಪಬೇಕು.

ಅಕ್ಕನ ಹತ್ತಿರ ಒಟ್ಟಿಗೆ ಕೊಡಲು ಹಣ ಇರಲಿಲ್ಲ. ಅವರು ಮೊದಲ ದಾರಿ ಹಿಡಿದರು.

ಅಕ್ಕ ಬರೆದ ಪತ್ರ

ದಿನಾಂಕ: ............

ಇವರಿಂದ:
(ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು)
ಸಾಲದ ಖಾತೆ ನಂಬರು: ............

ಇವರಿಗೆ:
ಶಾಖೆಯ ಮ್ಯಾನೇಜರ್ ಅವರಿಗೆ,
(ಕಂಪನಿಯ ಹೆಸರು, ಊರು)

ವಿಷಯ: ಸಾಲದ ಕಂತು ಕಡಿಮೆ ಮಾಡಲು ಕೋರಿಕೆ.

ಮಾನ್ಯರೇ,

ನಾನು ನಿಮ್ಮಲ್ಲಿ 40,000 ರೂಪಾಯಿ ಸಾಲ ಪಡೆದಿದ್ದೇನೆ. 13 ಕಂತು ತಪ್ಪದೆ ಕಟ್ಟಿದ್ದೇನೆ. ಎಮ್ಮೆ ಸತ್ತ ಕಾರಣ ಕಂತು ನಿಂತಿದೆ. ಸಾಲ ತೀರಿಸುವ ಮನಸ್ಸಿದೆ. ಆದರೆ 2,130 ರೂಪಾಯಿ ಕಟ್ಟಲು ಆಗುವುದಿಲ್ಲ. ತಿಂಗಳಿಗೆ 1,200 ರೂಪಾಯಿ ಕಟ್ಟಬಲ್ಲೆ. ದಂಡವನ್ನು ಬಿಡಬೇಕೆಂದು ಕೇಳುತ್ತೇನೆ.

ನಿಮ್ಮ ನೌಕರರಿಗೆ ............ ದಿನ 6,000 ರೂಪಾಯಿ ಕೊಟ್ಟಿದ್ದೇನೆ. ಅದು ಕಾರ್ಡಿನಲ್ಲಿ ಬಂದಿಲ್ಲ. ಅದನ್ನು ವಿಚಾರಿಸಿ.

ನನ್ನ ಅಸಲು, ಬಡ್ಡಿ, ದಂಡದ ಲೆಕ್ಕವನ್ನು ಕನ್ನಡದಲ್ಲಿ ಬರೆದು ಕೊಡಿ. ನಿಮ್ಮ ತೀರ್ಮಾನವನ್ನೂ ಬರೆದು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
(ಸಹಿ)

ನೋಡಿ, ಇದರಲ್ಲಿ ಬೈಗುಳ ಇಲ್ಲ. ಅಳು ಇಲ್ಲ. ಏನಾಯಿತು, ಎಷ್ಟು ಕಟ್ಟಬಲ್ಲೆ, ಏನು ಬೇಕು, ಅಷ್ಟೇ ಇದೆ. ಸುಳ್ಳು ಕಾರಣ ಬರೆಯಬಾರದು. ಆಗದ ಮಾತು ಕೊಡಬಾರದು.

ಪತ್ರ ಕೊಡುವುದು ಹೇಗೆ?

ಪತ್ರವನ್ನು ಎರಡು ಪ್ರತಿ ಮಾಡಿ. ಆಫೀಸಿಗೆ ಹೋಗಿ ಒಂದು ಪ್ರತಿ ಕೊಡಿ. ಇನ್ನೊಂದರ ಮೇಲೆ ಅವರ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಅದು ನಿಮ್ಮ ಹತ್ತಿರವೇ ಇರಲಿ.

ತೆಗೆದುಕೊಳ್ಳಲ್ಲ ಅಂದರೆ? ಅಂಚೆ ಕಚೇರಿಗೆ ಹೋಗಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಮೊದಲು ಇದಕ್ಕೆ ರಿಜಿಸ್ಟರ್ ಅಂಚೆ ಇತ್ತು. 2025ರಲ್ಲಿ ಅದು ಸ್ಪೀಡ್ ಪೋಸ್ಟಿನಲ್ಲಿ ಸೇರಿದೆ. ಅಂಚೆಯ ರಸೀದಿಯನ್ನು ಪತ್ರದ ಪ್ರತಿಗೆ ಅಂಟಿಸಿ ಇಡಿ.

ಉತ್ತರ ಬಂತು

20 ದಿನಕ್ಕೆ ಅಕ್ಕನಿಗೆ ಉತ್ತರ ಬಂತು. ತಿಂಗಳಿಗೆ 1,200ರಂತೆ 22 ಕಂತು. ದಂಡ ಇಲ್ಲ. ಲೆಕ್ಕ ಹಾಕಿದೆವು. 22 ಸಲ 1,200 ಅಂದರೆ 26,400. ಹಳೆಯ ಬಾಕಿ 23,430. ಅಂದರೆ 2,970 ಹೆಚ್ಚು. "ಹೆಚ್ಚಾಯ್ತು ಟೀಚರ್, ಆದ್ರೆ ರಾತ್ರಿ ನಿದ್ದೆ ಬರುತ್ತೆ" ಅಂದರು ಅಕ್ಕ. ತಿಳಿದು ಒಪ್ಪಿದರು. ಓದಿ ಸಹಿ ಮಾಡಿದರು. ಹೆಬ್ಬೆಟ್ಟು ಒತ್ತಲಿಲ್ಲ.

6,000ಕ್ಕೆ ಮಾತ್ರ "ದಾಖಲೆ ಇಲ್ಲ" ಎಂದು ಬರೆದಿದ್ದರು. ಆ ಹಣ ಇವತ್ತಿಗೂ ಬಂದಿಲ್ಲ.

ಹಣ ಕೊಡುವ ಮೊದಲು, ಕೊಟ್ಟ ಮೇಲೆ

ಒಪ್ಪಂದದ ಪತ್ರ ಕೈಗೆ ಬರುವ ಮೊದಲು ಹಣ ಕೊಡಬೇಡಿ. ಆ ಪತ್ರದಲ್ಲಿ ಕಂಪನಿಯ ಹೆಸರು, ನಿಮ್ಮ ಖಾತೆ ನಂಬರು, ಎಷ್ಟು ಹಣ, ಯಾವ ದಿನದೊಳಗೆ ಎಂಬುದು ಇರಬೇಕು. ರಾಜಿ ಆದರೆ "ಇಷ್ಟು ಕಟ್ಟಿದ ಮೇಲೆ ಬೇರೆ ಬಾಕಿ ಇರುವುದಿಲ್ಲ" ಎಂಬ ಸಾಲು ಇರಲೇಬೇಕು. ಅಧಿಕಾರಿಯ ಸಹಿ, ಸೀಲು ಇರಬೇಕು.

ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಮಾಡಬೇಡಿ. ಯಾರದೋ ಸ್ವಂತ ಫೋನಿಗೆ ಹಣ ಹಾಕಬೇಡಿ. ಕಂಪನಿಯ ಖಾತೆಗೇ ಕಟ್ಟಿ. ಪ್ರತಿ ಸಲ ರಸೀದಿ ಪಡೆಯಿರಿ.

ಸಾಲ ಮುಗಿದ ದಿನ "ಬಾಕಿ ಇಲ್ಲ" ಎಂಬ ಪತ್ರ ಕೇಳಿ ಪಡೆಯಿರಿ. ಕೆಲವು ತಿಂಗಳ ಮೇಲೆ ಸಿಬಿಲ್ ದಾಖಲೆಯನ್ನೂ ನೋಡಿ. ವರ್ಷಕ್ಕೆ ಒಮ್ಮೆ ಅದನ್ನು ಹಣ ಕೊಡದೆ ಪಡೆಯಬಹುದು. ತಪ್ಪು ಇದ್ದರೆ ತಿದ್ದಿಸಬಹುದು.

ಉತ್ತರ ಬಾರದಿದ್ದರೆ?

30 ದಿನ ಕಾಯಿರಿ. ಆಮೇಲೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಒಂಬುಡ್ಸ್‌ಮನ್ ಅಂದರೆ ದೂರು ಕೇಳುವ ಅಧಿಕಾರಿ. ಇದಕ್ಕೆ ಶುಲ್ಕ ಇಲ್ಲ. ಬ್ಯಾಂಕುಗಳು, ದೊಡ್ಡ ಸಾಲದ ಕಂಪನಿಗಳು ಇವರ ಕೆಳಗೆ ಬರುತ್ತವೆ. ಕಟ್ಟಿದ ಹಣ ಜಮಾ ಮಾಡಿಲ್ಲ, ಲೆಕ್ಕ ಕೊಡುತ್ತಿಲ್ಲ, ಕಿರುಕುಳ ಕೊಡುತ್ತಾರೆ, ಇಂಥ ದೂರು ಕೊಡಬಹುದು. ವಿವರ ತಿಳಿಯಲು 14448 ನಂಬರಿಗೆ ಫೋನ್ ಮಾಡಿ. ದೂರಿನ ಜೊತೆ ಕಂಪನಿಗೆ ಕೊಟ್ಟ ಪತ್ರದ ಪ್ರತಿ ಇಡಬೇಕು. ಪ್ರತಿ ಯಾಕೆ ಇಟ್ಟುಕೊಳ್ಳಿ ಅಂದೆ ಎಂದು ಈಗ ತಿಳಿಯಿತಲ್ಲ?

ಇನ್ನೊಂದು ಜಾಗ ತಾಲ್ಲೂಕು ಕೋರ್ಟಿನಲ್ಲಿದೆ. ಅದು ಕಾನೂನು ಸೇವಾ ಸಮಿತಿ. 1987ರ ಕಾನೂನಿನಂತೆ ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ಎಷ್ಟೇ ಆದಾಯ ಇದ್ದರೂ ಉಚಿತ. ಲೋಕ ಅದಾಲತ್‌ನಲ್ಲಿ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುತ್ತಾರೆ. ಅಲ್ಲಿ ಆದ ರಾಜಿಗೆ ಕೋರ್ಟಿನ ತೀರ್ಪಿನಷ್ಟೇ ಬೆಲೆ. ಅದರ ಮೇಲೆ ಅಪೀಲು ಇಲ್ಲ. ಫೋನ್ ನಂಬರು 15100.

ಹೆದರಿಸಿದರೆ?

ಕಿರುಸಾಲ ವಸೂಲಿಗೆ ಬಂದವರು ಬೈಯುವ ಹಾಗಿಲ್ಲ. ಬೆದರಿಸುವ ಹಾಗಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನ್ ಮಾಡುವ ಹಾಗಿಲ್ಲ. ನೆಂಟರಿಗೆ, ಜೊತೆಯವರಿಗೆ ಕಾಟ ಕೊಡುವ ಹಾಗಿಲ್ಲ. ಇದು ರಿಸರ್ವ್ ಬ್ಯಾಂಕಿನ 2022ರ ನಿಯಮ. ಬಲವಂತದ ವಸೂಲಿ ತಡೆಯಲು 2025ರಲ್ಲಿ ಕರ್ನಾಟಕದಲ್ಲಿ ಕಾನೂನೂ ಬಂತು. ಯಾರು ಬಂದರು, ಯಾವ ದಿನ, ಎಷ್ಟು ಹೊತ್ತಿಗೆ, ಏನು ಅಂದರು, ಎಲ್ಲ ಬರೆದಿಡಿ. ಕೈ ಮಾಡಲು ಬಂದರೆ 112ಕ್ಕೆ ಫೋನ್ ಮಾಡಿ ಪೊಲೀಸರನ್ನು ಕರೆಯಿರಿ.

"ಎಲ್ಲ ಸಾಲವೂ ಮನ್ನಾ ಆಗಿದೆ, ಕಟ್ಟಬೇಡಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯ ಸಾಲ ಈ ಕಾನೂನಿನಿಂದ ಮನ್ನಾ ಆಗಿಲ್ಲ.

ಕ್ರೆಡಿಟ್ ಕಾರ್ಡಿಗೂ ಇದೇ ದಾರಿ

ಪೇಟೆಯಲ್ಲಿ ದುಡಿಯುವ ಮಗನಿಗೋ ಮಗಳಿಗೋ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇರಬಹುದು. ಅದೂ ಸಾಲವೇ. ಹಲವು ಕಾರ್ಡುಗಳಲ್ಲಿ ಬಾಕಿ ಉಳಿದರೆ ನೂರಕ್ಕೆ ತಿಂಗಳಿಗೆ 3 ರೂಪಾಯಿಗೂ ಹೆಚ್ಚು ಬಡ್ಡಿ. ಬಿಲ್ಲಿನಲ್ಲಿ "ಕನಿಷ್ಠ ಹಣ" ಎಂದು ಬರೆದಿರುತ್ತಾರೆ. ಅಷ್ಟೇ ಕಟ್ಟುತ್ತಾ ಹೋದರೆ ಸಾಲ ಕರಗುವುದೇ ಇಲ್ಲ. ಕಟ್ಟಲು ಆಗದಿದ್ದರೆ ಅವರೂ ಹೀಗೇ ಬ್ಯಾಂಕಿಗೆ ಬರೆಯಬೇಕು. ಫೋನಿನಲ್ಲಿ ಯಾರೋ "ಅರ್ಧ ಕಟ್ಟಿ, ಮುಗಿಸ್ತೀವಿ" ಅಂದರೆ ಸಾಲದು. ಬ್ಯಾಂಕಿನ ಪತ್ರ ಬರಲಿ, ಆಮೇಲೆ ಹಣ. ಈ ಮಾತನ್ನು ಮಕ್ಕಳಿಗೆ ನೀವೇ ಹೇಳಿ.

ಅಕ್ಕ ಈಗ ಹೇಗಿದ್ದಾರೆ?

9 ಕಂತು ಕಟ್ಟಿದ್ದಾರೆ. ಇನ್ನೂ 13 ಇವೆ. ರಸೀದಿಗಳನ್ನು ಒಂದು ಡಬ್ಬಿಯಲ್ಲಿ ಜೋಡಿಸಿ ಇಟ್ಟಿದ್ದಾರೆ. ಓಲೆ ಇನ್ನೂ ಆಗಿಲ್ಲ. ಕಿವಿ ಮುಚ್ಚಬಾರದು ಅಂತ ಬೇವಿನ ಕಡ್ಡಿ ಇಟ್ಟುಕೊಂಡಿದ್ದಾರೆ. ಆದರೆ ಕಂಪನಿಯವರು ಬಂದರೆ ಈಗ ಒಳಗೆ ಹೋಗಿ ಕೂರುವುದಿಲ್ಲ. ಜಗಲಿಯಲ್ಲಿ ಕೂತು, "ಮೊದಲು ಇದರಲ್ಲಿ ಬರೀರಿ" ಎಂದು ಕಾರ್ಡು ಮುಂದೆ ಹಿಡಿಯುತ್ತಾರೆ.

ನೀವೂ ಮಾಡಿ

1. ನಿಮ್ಮ ಸಾಲದ ಕಾರ್ಡು ತೆಗೆಯಿರಿ. ಎಷ್ಟು ಕಂತು ಕಟ್ಟಿದ್ದೀರಿ? ಎಲ್ಲವೂ ಬರೆದಿದೆಯೇ? ಎಣಿಸಿ.
2. ತಿಂಗಳಿಗೆ ಬರುವ ಹಣ, ಖರ್ಚು, ಉಳಿಯುವ ಹಣ ಬರೆಯಿರಿ.
3. ಮೇಲಿನ ಪತ್ರವನ್ನು ನೋಡಿ, ನಿಮ್ಮ ಹೆಸರು ಹಾಕಿ ಒಂದು ಪತ್ರ ಬರೆಯಿರಿ. ಜೊತೆಯ ಅಕ್ಕನಿಗೆ ಓದಿ ಹೇಳಿ.