ಮೇಲಿನವನಿಗೂ ಕೆಳಗಿನವನ ಹಂಗು

ಕಳೆದ ಮಾರ್ಚ್ ತಿಂಗಳಿನಲ್ಲಿ ಸಂಘದ ಕಚೇರಿಯ ಜಗಲಿಯ ಮೇಲೆ ಹಳ್ಳದ ನೀರಿನ ವಿಷಯವಾಗಿ ನಡೆದ ಮಾತುಕತೆ ಹಲವು ಸದಸ್ಯರಿಗೆ ನೆನಪಿರಬಹುದು. ಮಾತುಕತೆ ಎಂದು ಮರ್ಯಾದೆಗೆ ಬರೆಯುತ್ತಿದ್ದೇನೆ, ನಡೆದದ್ದು ಜಗಳವೇ. ಮೇಲ್ಭಾಗದ ಕಾಫಿ ತೋಟದವರೆಲ್ಲ ರೊಬಸ್ಟಾ ಹೂವಿಗೆಂದು ಒಂದೇ ವಾರದಲ್ಲಿ ಸ್ಪ್ರಿಂಕ್ಲರ್ ಹೂಡಿದ್ದರು. ಕೆಳಗಿನ ಅಡಿಕೆ ತೋಟದವರ ಕಟ್ಟದಲ್ಲಿ ಕಪ್ಪೆ ಮುಳುಗುವಷ್ಟೂ ನೀರು ಉಳಿದಿರಲಿಲ್ಲ. ಒಂದು ಎಕರೆಗೆ ಒಂದು ಇಂಚು ನೀರು ಕೊಡಬೇಕಾದರೆ ಸುಮಾರು 1 ಲಕ್ಷ ಲೀಟರು ಬೇಕು. ಹತ್ತು ಎಕರೆಯವನು 10 ಲಕ್ಷ ಲೀಟರು ಎತ್ತುತ್ತಾನೆ. ಹಾಗೆ ಎತ್ತಿದವರಲ್ಲಿ ಈ ಲೇಖಕನೂ ಒಬ್ಬ. "ಕಾರ್ಯದರ್ಶಿಗಳೇ ಹೀಗೆ ಮಾಡಿದರೆ ಹ್ಯಾಗೆ?" ಎಂದು ಒಬ್ಬ ಹಿರಿಯರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮೊಗ್ಗು ಹದಕ್ಕೆ ಬಂದಿತ್ತು, ಪಕ್ಕದವರು ಹಾಕಿದರು, ನಾನೂ ಹಾಕಿದೆ.

ಈ 'ಪಕ್ಕದವರು ಹಾಕಿದರು, ನಾನೂ ಹಾಕಿದೆ' ಎಂಬುದನ್ನೇ ಹಿಡಿದು ಗಣಕಯಂತ್ರದಲ್ಲಿ ಲೆಕ್ಕ ನಡೆಸುವ ವಿದ್ಯೆಯೊಂದು ಬೆಳೆದಿದೆ. ಇಂಗ್ಲಿಷಿನಲ್ಲಿ ಅದನ್ನು 'ಏಜೆಂಟ್ ಬೇಸ್ಡ್ ಸಿಮ್ಯುಲೇಷನ್' ಎನ್ನುತ್ತಾರೆ. ಏಜೆಂಟ್ ಎಂದೊಡನೆ ಗೇಟಿನ ಬಳಿ ಜೀಪು ನಿಲ್ಲಿಸಿ ಕಾಫಿಯ ಮಾದರಿ ಕೇಳುವವರು ನೆನಪಾಗುವುದು ಸಹಜ. ಇಲ್ಲಿ ಆ ಮಾತಿಗೆ ಬೇರೆ ಅರ್ಥವಿದೆ. ಯಂತ್ರದೊಳಗೆ ಲೆಕ್ಕದ ರೂಪದಲ್ಲಿ ಇರಿಸಿದ ಒಬ್ಬೊಬ್ಬ ಮನುಷ್ಯನೂ ಒಬ್ಬ ಏಜೆಂಟ್. ಪ್ರತಿಯೊಬ್ಬನಿಗೂ ಒಂದೆರಡು ಸಣ್ಣ ನಿಯಮಗಳನ್ನು ಕೊಡುತ್ತಾರೆ: ಇಂಥದ್ದು ಕಂಡರೆ ಹೀಗೆ ಮಾಡು, ಅಂಥದ್ದು ಕಂಡರೆ ಹಾಗೆ ಮಾಡು. ಅನಂತರ ಕಾಲವನ್ನು ಮುಂದಕ್ಕೆ ಓಡಿಸಿ ಊರು ಏನಾಯಿತು ಎಂದು ನೋಡುತ್ತಾರೆ. ಇಡೀ ಊರನ್ನು ಒಂದೇ ಸಮೀಕರಣದಲ್ಲಿ ತುಂಬುವ ಹಳೆಯ ಅರ್ಥಶಾಸ್ತ್ರದ ಕ್ರಮಕ್ಕಿಂತ ಇದು ಭಿನ್ನ.

ಇದಕ್ಕೆ ಯಂತ್ರವೇ ಬೇಕೆಂದೂ ಇಲ್ಲ. ಅಮೆರಿಕದ ಥಾಮಸ್ ಶೆಲ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞರು ಚೌಕಮನೆಗಳ ಹಾಳೆಯ ಮೇಲೆ ಎರಡು ಬಗೆಯ ನಾಣ್ಯಗಳನ್ನಿಟ್ಟು, 'ನೆರೆಯವರಲ್ಲಿ ಮೂರರಲ್ಲೊಂದು ಪಾಲಾದರೂ ನನ್ನವರಿದ್ದರೆ ಸಾಕು, ಇಲ್ಲವಾದರೆ ಬೇರೆ ಮನೆಗೆ ಹೋಗುತ್ತೇನೆ' ಎಂಬಂಥ ನಿಯಮದಿಂದ ಅವನ್ನು ಸರಿಸುತ್ತ ಹೋದರು. ಯಾವ ನಾಣ್ಯವೂ ಬೇರೆಯವರನ್ನು ದ್ವೇಷಿಸಲಿಲ್ಲ. ಆದರೂ ಕೊನೆಗೆ ಹಾಳೆ ಎರಡು ಕೇರಿಗಳಾಗಿ ಒಡೆದು ನಿಂತಿತು. 1971ರಲ್ಲಿ ಅವರು ಇದನ್ನು ಪ್ರಕಟಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದದ್ದು ಮುಖ್ಯವಾಗಿ ಬೇರೆ ಕೆಲಸಕ್ಕಾಗಿ. ಆದರೂ ಜನ ಹೆಚ್ಚಾಗಿ ನೆನೆಯುವುದು ಈ ನಾಣ್ಯದಾಟವನ್ನೇ.

ನಮ್ಮಂಥ ಬೆಳೆಗಾರರಿಗೆ ಹತ್ತಿರವಾದ ಉದಾಹರಣೆ ಇರುವುದು ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ. ಅಲ್ಲಿ ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆಗಳು. ಒಂದು ಕಾಲುವೆಯ ನೀರುಣ್ಣುವ ರೈತರದು ಒಂದು ಸಂಘ. ಅದಕ್ಕೆ 'ಸುಬಕ್' ಎಂದು ಹೆಸರು. ಹಲವು ಸುಬಕ್‌ಗಳು ಸೇರಿ ಒಂದು ನೀರಿನ ದೇವಾಲಯಕ್ಕೆ ನಡೆದುಕೊಳ್ಳುತ್ತವೆ. ಎಲ್ಲಕ್ಕೂ ಮೇಲೆ, ಬಾತುರ್ ಸರೋವರದ ಬಳಿ ಸರೋವರದ ದೇವಿ ದೇವಿ ದನುವಿನ ದೊಡ್ಡ ದೇವಾಲಯ. ಯಾವಾಗ ನಾಟಿ, ಯಾವಾಗ ಗದ್ದೆ ಬಿಡುವು, ಯಾರ ಪಾಲಿಗೆ ಎಷ್ಟು ನೀರು ಎಂಬುದೆಲ್ಲ ಈ ದೇವಾಲಯಗಳಲ್ಲಿ ಸೇರಿದ ಸಭೆಗಳಲ್ಲಿ ತೀರ್ಮಾನವಾಗುತ್ತಿತ್ತು.

1970ರ ದಶಕದಲ್ಲಿ ಹಸಿರು ಕ್ರಾಂತಿ ಅಲ್ಲಿಗೂ ಬಂತು. ಹೊಸ ತಳಿ ಬೇಗ ಕೊಯ್ಲಿಗೆ ಬರುತ್ತದೆ. ದೇವಾಲಯದ ದಿನ ನೋಡುತ್ತ ಕೂರಬೇಡಿ, ಸಾಧ್ಯವಾದಷ್ಟು ಸಲ ನಾಟಿ ಮಾಡಿ ಎಂದು ಸರ್ಕಾರದ ಅಪ್ಪಣೆಯಾಯಿತು. ಮೊದಮೊದಲು ಕಣಜ ತುಂಬಿತು. ಆಮೇಲೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಒಬ್ಬನ ಗದ್ದೆ ಕೊಯ್ಲಾಗುವಾಗ ಇನ್ನೊಬ್ಬನದು ಹಸಿರಾಗಿದ್ದುದರಿಂದ ಕಂದು ಜಿಗಿಹುಳುವಿಗೆ ವರ್ಷವಿಡೀ ಊಟ ಸಿಕ್ಕಿತು. ನೀರಿನ ಸರದಿಯೂ ಕೆಟ್ಟಿತು. ಇದಕ್ಕೆ ಔಷಧಿಯ ಮೇಲೆ ಔಷಧಿ ಹೊಡೆದರು. ಕೊನೆಗೆ 1986ರಲ್ಲಿ ಇಂಡೋನೇಷ್ಯಾದ ಅಧ್ಯಕ್ಷರು ಭತ್ತಕ್ಕೆ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಬೇಕಾಯಿತು. ದೇವಾಲಯದ ಸರದಿಗೆ ಮರಳುತ್ತೇವೆ ಎಂದ ರೈತರ ಮಾತು ನೀರಾವರಿ ತಜ್ಞರಿಗೆ ಬರೀ ಮೂಢನಂಬಿಕೆಯಾಗಿ ಕೇಳಿಸಿತು. (ತಜ್ಞರ ಕಿವಿಯ ವಿಷಯ ನಮಗೂ ಹೊಸದಲ್ಲ.)

ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಗಣಕಯಂತ್ರವನ್ನು ತಂದದ್ದು ಈ ಹಂತದಲ್ಲಿ. ಓಸ್ ಮತ್ತು ಪೆಟಾನು ಎಂಬ ಎರಡು ನದಿಗಳ ಉದ್ದಕ್ಕೂ ಇರುವ 172 ಸುಬಕ್‌ಗಳನ್ನು ಅವರು ಲೆಕ್ಕಕ್ಕೆ ಇಳಿಸಿದರು. ಮಳೆ, ನದಿಯ ಹರಿವು, ಯಾವ ಕಟ್ಟೆಯ ನೀರು ಯಾರಿಗೆ, ಪೈರಿನ ಬೆಳವಣಿಗೆ, ಹುಳು ಪಕ್ಕದ ಗದ್ದೆಗೆ ಹರಡುವ ಬಗೆ, ಇಷ್ಟನ್ನೂ ಸೇರಿಸಿದರು. ಎಲ್ಲರೂ ಒಂದೇ ದಿನ ನಾಟಿ ಮಾಡಿದರೆ ಹುಳುವಿಗೆ ಒಟ್ಟಿಗೆ ಉಪವಾಸ ಬಿದ್ದು ಅದು ಸಾಯುತ್ತದೆ, ಆದರೆ ಎಲ್ಲರಿಗೂ ಒಂದೇ ಸಲ ನೀರು ಬೇಕಾಗಿ ಸಾಲದಾಗುತ್ತದೆ. ಅವರವರಿಗೆ ತೋಚಿದಂತೆ ನಾಟಿ ಮಾಡಿದರೆ ನೀರಿನ ಬೇಡಿಕೆ ಹಂಚಿಹೋಗುತ್ತದೆ, ಹುಳು ಹಬ್ಬ ಮಾಡುತ್ತದೆ. ಯಂತ್ರದ ಪ್ರಕಾರ ಹೆಚ್ಚಿನ ಇಳುವರಿ ಬಂದದ್ದು ಇವೆರಡರ ನಡುವೆ, ಹೆಚ್ಚುಕಡಿಮೆ ದೇವಾಲಯದ ಗುಂಪುಗಳಷ್ಟೇ ದೊಡ್ಡ ಗುಂಪುಗಳು ಒಟ್ಟಾಗಿ ನಾಟಿ ಮಾಡಿದಾಗ.

ಆದರೆ ಅಂಥ ಗುಂಪುಗಳನ್ನು ಕಟ್ಟಿದವರು ಯಾರು? ಇದಕ್ಕಾಗಿ ಎರಡನೆಯ ಪ್ರಯೋಗ ನಡೆಯಿತು. ಸುಬಕ್‌ಗಳಿಗೆ ಮನಬಂದಂತೆ ಬೆಳೆಯ ಸರದಿ ಹಂಚಿ, ಒಂದೇ ನಿಯಮ ಕೊಟ್ಟರು: ವರ್ಷದ ಕೊನೆಗೆ ಹತ್ತಿರದ ನೆರೆಯವರ ಇಳುವರಿ ನೋಡು, ನಿನಗಿಂತ ಹೆಚ್ಚು ತೆಗೆದವನ ಸರದಿಯನ್ನು ಮುಂದಿನ ವರ್ಷ ಅನುಸರಿಸು. ಯಂತ್ರದಲ್ಲಿ ಅಧಿಕಾರಿಯಿರಲಿಲ್ಲ, ಪುರೋಹಿತನಿರಲಿಲ್ಲ, ಕಾರ್ಯದರ್ಶಿಯೂ ಇರಲಿಲ್ಲ. ಕೆಲವು ವರ್ಷಗಳ ಲೆಕ್ಕ ಓಡುವಷ್ಟರಲ್ಲಿ ಗದ್ದೆಗಳು ತಾವಾಗಿ ಗುಂಪು ಗುಂಪಾಗಿ ನಿಂತವು. ಆ ನಕ್ಷೆ ನಿಜವಾದ ದೇವಾಲಯಗಳ ನಕ್ಷೆಯನ್ನು ಬಹಳವಾಗಿ ಹೋಲುತ್ತಿತ್ತು. ಸರಾಸರಿ ಇಳುವರಿಯೂ ಏರಿತು. 1993ರಲ್ಲಿ ಇದು ಅಚ್ಚಾಯಿತು. ನೀರಾವರಿ ಯೋಜನೆಗೆ ಹಣ ಕೊಟ್ಟಿದ್ದ ಏಷ್ಯನ್ ಅಭಿವೃದ್ಧಿ ಬ್ಯಾಂಕಿನವರೂ ಅಷ್ಟರಲ್ಲಿ ದೇವಾಲಯಗಳ ಪಾತ್ರವನ್ನು ಒಪ್ಪಿಕೊಂಡಿದ್ದರು. 2012ರಲ್ಲಿ ಸುಬಕ್ ಪದ್ಧತಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೊಂದು ಪ್ರಶ್ನೆ. ನೀರು ಮೊದಲು ಸಿಗುವುದು ಮೇಲಿನವನಿಗೆ. ಅವನು ಕೆಳಗಿನವನ ಮಾತಿಗೆ ಏಕೆ ಬಗ್ಗಬೇಕು? ಲ್ಯಾನ್ಸಿಂಗ್ ಮುಂದೆ ರೈತರನ್ನೇ ವಿಚಾರಿಸಿದರು: ನಿಮಗೆ ಹೆಚ್ಚಿನ ಚಿಂತೆ ಯಾವುದು, ಹುಳುವೋ ನೀರೋ? ಕೆಳಗಿನವರು ನೀರೆಂದರು. ಮೇಲಿನವರು ಹುಳುವೆಂದರು. ನೀರು ಸಿಗದ ಕೆಳಗಿನವನು ತನಗೆ ಬೇಕಾದಾಗ ನಾಟಿ ಮಾಡಿದರೆ ಅವನ ಗದ್ದೆಯ ಹುಳು ಮೇಲೇರಿ ಬರುತ್ತದೆ. ಆದ್ದರಿಂದ ಮೇಲಿನವನು ನೀರು ಬಿಡುತ್ತಾನೆ, ಕೆಳಗಿನವನು ಅವನ ಸರದಿಗೆ ಹೊಂದಿಕೊಳ್ಳುತ್ತಾನೆ.

ಈ ಲೆಕ್ಕವನ್ನು ಎಲ್ಲರೂ ಒಪ್ಪಿಲ್ಲ. ರಾಜರು, ಕಂದಾಯ, ಸರ್ಕಾರ ಇವೆಲ್ಲ ಎಲ್ಲಿ ಹೋದವು ಎಂದು ಕೆಲವು ವಿದ್ವಾಂಸರು ಆಕ್ಷೇಪಿಸಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ. ಯಂತ್ರದೊಳಗಿನ ರೈತನಿಗೆ ಬ್ಯಾಂಕಿನ ಸಾಲವಿಲ್ಲ, ಮಗಳ ಮದುವೆಯಿಲ್ಲ, ಬೇಲಿಯ ವಿಷಯದಲ್ಲಿ ದಾಯಾದಿಯ ಮೇಲೆ ಇಪ್ಪತ್ತು ವರ್ಷದ ಸಿಟ್ಟಿಲ್ಲ.

ಇಷ್ಟನ್ನು ಓದಿದ ಮೇಲೆ ಮಳೆಗಾಲದ ಒಂದು ಸಂಜೆ ನಾನೂ ನನ್ನ ಮಗನೂ ಕೂತು ರಟ್ಟಿನ ಮೇಲೆ ನಮ್ಮ ಹಳ್ಳ ಬರೆದೆವು. ಮೇಲೆ ಕಾಫಿ ಬೀಜ, ಕೆಳಗೆ ಅಡಿಕೆ. ಬರೀ ನೀರಿನ ನಿಯಮ ಹಾಕಿದಾಗ ಎಷ್ಟು ಸುತ್ತು ಆಡಿದರೂ ಮೇಲಿನವರು ಬದಲಾಗಲಿಲ್ಲ. ಬದಲಾಗಲು ಅವರಿಗೆ ಕಾರಣವೇ ಇರಲಿಲ್ಲ. ಆಗ ಮಗ ಕೇಳಿದ: "ಅಪ್ಪಯ್ಯ, ಅಡಿಕೆ ಮಧ್ಯ ಹಾಕಿರೋ ಕಾಫಿ ಲೆಕ್ಕಕ್ಕಿಲ್ವಾ?"

ನಿಜ. ಕೆಳಗಿನ ಬಹಳ ತೋಟಗಳಲ್ಲಿ ಅಡಿಕೆಯ ನಡುವೆ ಕಾಫಿಯಿದೆ. ಮುಖ್ಯ ಬೆಳೆ ಅಡಿಕೆಯಾದ್ದರಿಂದ ಕೊಯ್ಲಾದ ಮೇಲೆ ಗಿಡದಲ್ಲಿ ಉಳಿದ ಕಾಯಿಯನ್ನಾಗಲಿ ನೆಲಕ್ಕೆ ಉದುರಿದ್ದನ್ನಾಗಲಿ ಹೆಕ್ಕಿಸಲು ಆಳಿನ ಖರ್ಚು ಗಿಟ್ಟುವುದಿಲ್ಲ. ಕಾಯಿಕೊರಕ ಮುಂದಿನ ಫಸಲಿನವರೆಗೆ ಬದುಕುವುದು ಇಂಥ ಕಾಯಿಗಳಲ್ಲೇ. 1990ರಲ್ಲಿ ನೀಲಗಿರಿಯ ಗೂಡಲೂರಿನ ಕಡೆ ಮೊದಲು ಕಂಡ ಈ ಹುಳು ಈಗ ಬಹುತೇಕ ಎಲ್ಲ ಕಾಫಿ ಸೀಮೆಗಳಲ್ಲೂ ಇದೆ. ನನ್ನ ತೋಟದ ಕೆಳಗಿನ ಬೇಲಿಯುದ್ದಕ್ಕೆ ತೂತು ಬಿದ್ದ ಕಾಯಿ ಹೆಚ್ಚು. ನಾನು ಇದುವರೆಗೆ ಅದಕ್ಕೆ ನೆರೆಯವರನ್ನು ಬೈದಿದ್ದೇನೆಯೇ ಹೊರತು ಅವರ ಕಟ್ಟದ ನೀರಿನೊಡನೆ ಜೋಡಿಸಿ ಯೋಚಿಸಿರಲಿಲ್ಲ.

ಕೊರಕದ ನಿಯಮ ಸೇರಿಸಿ ಆಡಿದಾಗ, ಕೆಳಗಿನವನ ಬೇಲಿಗೆ ತಾಗಿದ್ದ ಮೇಲಿನವರು ಮೊದಲು ಸರದಿಗೆ ಒಪ್ಪಿದರು. ಬೇಲಿ ತಾಗದ ತುದಿಯ ಎರಡು ತೋಟ ಕೊನೆಯವರೆಗೂ ಒಪ್ಪಲಿಲ್ಲ. ನಿಯಮ ಹಾಕಿದವರು ನಾವೇ ಆದ್ದರಿಂದ ಇದನ್ನು ಪುರಾವೆ ಎನ್ನಲಾರೆ. ಆದರೆ ಆ ಎರಡು ತೋಟಗಳಲ್ಲಿ ಒಂದರ ಯಜಮಾನರು ಕಳೆದ ಸಭೆಯಲ್ಲೂ ಒಪ್ಪಿರಲಿಲ್ಲ ಎಂಬುದನ್ನು ಹೇಳಲೇಬೇಕು.

ಆಡಳಿತ ಮಂಡಳಿಯ ಮುಂದೆ ನಾನು ಇಡುತ್ತಿರುವ ಸಲಹೆ ಇಷ್ಟೇ. ಹೂವಿನ ನೀರಿಗೆ ಮೇಲಿನ ತೋಟಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪು ಮುಗಿಸಿದ ಮೇಲೆ ಎರಡು ದಿನ ಹಳ್ಳವನ್ನು ಕೆಳಕ್ಕೆ ಬಿಡುವುದು. ಅದಕ್ಕೆ ಪ್ರತಿಯಾಗಿ ಅಡಿಕೆ ತೋಟಗಳೊಳಗಿನ ಉಳಿಕೆ ಕಾಯಿಯನ್ನು ಮಾರ್ಚ್ ಕೊನೆಯೊಳಗೆ ಹೆಕ್ಕಿಸುವುದು. ಆಳಿನ ಖರ್ಚಿನಲ್ಲಿ ಅರ್ಧವನ್ನು ಬೇಲಿ ತಾಗಿದ ಮೇಲಿನ ತೋಟದವರು ಕೊಡುವುದು. ಮೊದಲ ಗುಂಪಿನಲ್ಲಿ ಯಾರಿರಬೇಕೆಂಬುದಕ್ಕೆ ಚೀಟಿ ಎತ್ತೋಣ. ನನ್ನ ತೋಟವನ್ನು ಮೂರನೆಯ ಗುಂಪಿಗೆ ಹಾಕಿಕೊಳ್ಳಲು ಒಪ್ಪಿಗೆಯಿದೆ. ಹಳ್ಳದ ಎರಡೂ ಬದಿಯ ಸದಸ್ಯರು ತಮ್ಮ ಪಂಪಿನ ಅಶ್ವಶಕ್ತಿ, ನೀರು ಕೊಡುವ ಎಕರೆ, ಅಡಿಕೆಯೊಳಗಿನ ಕಾಫಿ ಗಿಡಗಳ ಅಂದಾಜು, ಕಳೆದ ವರ್ಷ ಪಂಪು ಹೂಡಿದ ದಿನ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ದೀಪಾವಳಿಯೊಳಗೆ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇನೆ. ರಟ್ಟು ಕಚೇರಿಯ ಮೇಜಿನ ಮೇಲೆಯೇ ಇದೆ. ತಮ್ಮ ತೋಟವನ್ನು ತಪ್ಪು ಜಾಗದಲ್ಲಿ ಬರೆದಿದ್ದರೆ ಬಂದು ತಿದ್ದಿಸಬಹುದು.