ಉಮ್ಮನ ಕೈಗೆ ಒಗ್ಗದ ಫೋನು

ಅಸರ್ ನಮಾಝ್ ಮುಗಿಸಿ ಉಮ್ಮ ಜಗಲಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿದ್ದ ಹೊಸ ಫೋನ್ ರಿಂಗಣಿಸತೊಡಗಿತು. ದುಬೈಯಲ್ಲಿರುವ ತಮ್ಮನ ಕರೆ. ಉಮ್ಮ ಹಸಿರು ಗುರುತನ್ನು ಒತ್ತಿದರು. ಮತ್ತೆ ಒತ್ತಿದರು. ನಾನು ಅಡುಗೆ ಮನೆಯಿಂದ ಓಡಿ ಬರುವಷ್ಟರಲ್ಲಿ ರಿಂಗ್ ನಿಂತೇ ಹೋಯಿತು. ಆ ಫೋನಿನಲ್ಲಿ ಒತ್ತಿದರೆ ಸಾಲದು, ಗುರುತನ್ನು ಮೇಲಕ್ಕೆ ಸರಿಸಬೇಕು!

“ನನಗೆ ಬುದ್ಧಿ ಸಾಲದು ಮಗಳೇ. ಹಳೆಯ ಬಟನ್ ಫೋನೇ ಸಾಕಿತ್ತು” ಎಂದರು ಉಮ್ಮ.

ನೂರು ಜನರ ಮದುವೆಯೂಟಕ್ಕೆ ಎಷ್ಟು ಅಕ್ಕಿ, ಎಷ್ಟು ತುಪ್ಪ ಎಂದು ಬಾಯಲ್ಲೇ ಲೆಕ್ಕ ಹೇಳಬಲ್ಲ ಮಹಿಳೆಗೆ ಬುದ್ಧಿ ಸಾಲದೇ? ಖಂಡಿತ ಅಲ್ಲ. ಕೊರತೆಯಿರುವುದು ಅವರಲ್ಲಲ್ಲ, ಫೋನನ್ನು ರೂಪಿಸಿದವರಲ್ಲಿ.

ಫೋನಿನೊಳಗಿದ್ದು ಎಲ್ಲವನ್ನೂ ನಡೆಸುವ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ನಮ್ಮ ಹೆಚ್ಚಿನ ಮನೆಗಳಲ್ಲಿರುವುದು ಆಂಡ್ರಾಯ್ಡ್, ಕೆಲವರಲ್ಲಿ ಐಫೋನಿನ ಐಒಎಸ್. ಇವುಗಳ ಹೊಸ ಆವೃತ್ತಿ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಬರುತ್ತದೆ. ಆದರೆ ಅಂದ ಹೆಚ್ಚಾದಂತೆ ಅನುಕೂಲವೂ ಹೆಚ್ಚಾಗುತ್ತಿದೆಯೇ?

ಕಣ್ಣಿಗೆ ಕಾಣಬೇಕಾದ ಅಕ್ಷರ

2025ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಕಂಪೆನಿಯು ಐಒಎಸ್ 26 ಎಂಬ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅದರಲ್ಲಿ ಗುಂಡಿಗಳೂ ಪಟ್ಟಿಗಳೂ ಗಾಜಿನಂತೆ ಪಾರದರ್ಶಕ. ನೋಡಲು ಸೊಗಸು. ಆದರೆ ಹಿಂದಿನ ಚಿತ್ರವು ಮುಂದಿನ ಅಕ್ಷರದೊಂದಿಗೆ ಬೆರೆತು ಓದಲಾಗುತ್ತಿಲ್ಲವೆಂದು ಅನೇಕರು ದೂರಿದರು. ನವೆಂಬರಿನಲ್ಲಿ ಬಂದ 26.1 ಆವೃತ್ತಿಯಲ್ಲಿ ಆ ಪಾರದರ್ಶಕತೆಯನ್ನು ಕಡಿಮೆ ಮಾಡಿಕೊಳ್ಳುವ ಆಯ್ಕೆಯನ್ನು ಕಂಪೆನಿ ಕೊಟ್ಟಿತು. ಬಳಸುವವರು ಬಾಯಿ ತೆರೆದರೆ ಬದಲಾವಣೆ ಸಾಧ್ಯ ಎಂಬುದಕ್ಕೆ ಇದೊಂದು ಉದಾಹರಣೆ.

ಕಾಣೆಯಾದ ಬಟನ್‌ಗಳು

2017ರಲ್ಲಿ ಬಂದ ಐಫೋನ್ ಹತ್ತರಲ್ಲಿ ಹೋಮ್ ಬಟನ್ ಇರಲಿಲ್ಲ. 2019ರ ಆಂಡ್ರಾಯ್ಡ್ 10ರಲ್ಲಿ ಕೆಳಗಿನ ಮೂರು ಬಟನ್‌ಗಳ ಬದಲು ಬೆರಳಿನಿಂದ ಸರಿಸುವ ಪದ್ಧತಿ ಬಂತು. ಎಡ ಅಂಚಿನಿಂದ ಸರಿಸಿದರೆ ಹಿಂದಕ್ಕೆ, ಕೆಳಗಿನಿಂದ ಸರಿಸಿದರೆ ಮೊದಲ ಪುಟಕ್ಕೆ. ಕಣ್ಣಿಗೆ ಕಾಣುವ ಬಟನನ್ನು ಯಾರೂ ಗುರುತಿಸಬಲ್ಲರು. ಆದರೆ ಕಾಣದ ಬಟನನ್ನು ನೆನಪಿಡಬೇಕು. ಕೈ ನಡುಗುವ ಹಿರಿಯರಿಗೆ, ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡ ತಾಯಿಗೆ ಇದು ಸುಲಭವಲ್ಲ.

ಭಾಷೆ ನಮ್ಮದೇ?

ಆಂಡ್ರಾಯ್ಡ್ ಕನ್ನಡ ಅಕ್ಷರಗಳಿಗೆ ಬೆಂಬಲ ನೀಡತೊಡಗಿದ್ದು 2012ರ 4.1 ಆವೃತ್ತಿಯಲ್ಲಿ. ಇಡೀ ಫೋನಿನ ಸೂಚನೆಗಳನ್ನು ಕನ್ನಡದಲ್ಲಿ ಓದುವ ಅವಕಾಶ 2014ರ 5.0 ಆವೃತ್ತಿಯಲ್ಲಿ ಬಂತು. ಐಫೋನಿನಲ್ಲಿ ಅದಕ್ಕಾಗಿ 2025ರವರೆಗೆ ಕಾಯಬೇಕಾಯಿತು. ಇದು ಸಂತಸದ ಸಂಗತಿಯೇ. ಆದರೆ ಎಷ್ಟೋ ಸೂಚನೆಗಳ ಕನ್ನಡವು ಮನೆಯ ಮಾತಿನಿಂದ ಬಹಳ ದೂರ. ಅಕ್ಷರವನ್ನು ದೊಡ್ಡದು ಮಾಡಿದರೆ ಪದದ ಬಾಲವೇ ಕತ್ತರಿಸಿ ಹೋಗುವುದೂ ಉಂಟು. ಆಡುಮಾತಿನ ಪುಟ್ಟ ಪದಗಳನ್ನು ಬಳಸಿದರೆ ಎರಡೂ ತೊಂದರೆ ತಪ್ಪುತ್ತದೆ.

ಕೇವಲ ಅನುಕೂಲದ ಪ್ರಶ್ನೆಯಲ್ಲ

ಫೋನ್ ಅರ್ಥವಾಗದ ಮಹಿಳೆ ಏನು ಮಾಡುತ್ತಾಳೆ? ಅಂಗಡಿಯ ಹುಡುಗನ ಕೈಗೆ ಕೊಡುತ್ತಾಳೆ. ಪರಿಚಯವಿಲ್ಲದವನಿಗೆ ಒಟಿಪಿ ಓದಿ ಹೇಳುತ್ತಾಳೆ. ಪಿನ್ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಪರ್ಸಿನಲ್ಲಿ ಇಡುತ್ತಾಳೆ. ಅವಳ ಹಣ, ಮನೆಯವರ ಚಿತ್ರಗಳು, ಮಗಳೊಂದಿಗಿನ ಗುಟ್ಟಿನ ಮಾತು ಎಲ್ಲವೂ ಅದರೊಳಗಿವೆ. ಇವೆಲ್ಲ ಅಮಾನತ್. ಅದನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅವಳಿಗಿರಬೇಕು. ಹಾಗಾಗಿ ಫೋನ್ ಸರಳವಾಗಿರಬೇಕೆಂಬುದು ಸೌಲಭ್ಯದ ಬೇಡಿಕೆ ಮಾತ್ರವಲ್ಲ, ಸುರಕ್ಷತೆಯ ಬೇಡಿಕೆಯೂ ಹೌದು.

ಕಂಪೆನಿಗಳು ಮಾಡಬೇಕಾದದ್ದು ಬಹಳವೇನಿಲ್ಲ. ಹೊಸ ಆವೃತ್ತಿ ಬಂದಾಗ ಕರೆ ಸ್ವೀಕರಿಸುವ ರೀತಿಯನ್ನು, ಬಟನ್‌ಗಳ ಜಾಗವನ್ನು ಕೇಳದೆ ಬದಲಿಸಬಾರದು. ಸ್ಯಾಮ್‌ಸಂಗ್‌ನಲ್ಲಿ ‘ಈಝಿ ಮೋಡ್’ ಇದೆ. ಐಫೋನಿನಲ್ಲಿ 2023ರಿಂದ ದೊಡ್ಡ ಚಿತ್ರ, ಕಡಿಮೆ ಆಯ್ಕೆಗಳ ‘ಅಸಿಸ್ಟಿವ್ ಆ್ಯಕ್ಸೆಸ್’ ಇದೆ. ಆದರೆ ಅವು ಸೆಟ್ಟಿಂಗ್ಸ್‌ನ ಒಳಗೆಲ್ಲೋ ಅಡಗಿ ಕುಳಿತಿವೆ. ಫೋನ್ ಮೊದಲ ಬಾರಿ ತೆರೆದಾಗಲೇ “ದೊಡ್ಡ ಅಕ್ಷರ ಬೇಕೇ? ಬಟನ್‌ಗಳು ಬೇಕೇ?” ಎಂದು ಕನ್ನಡದಲ್ಲಿ ಕೇಳಿದರೆ ಎಷ್ಟು ಚೆನ್ನ!

ಮನೆಯಲ್ಲಿ ನಾವು ಮಾಡಬಹುದಾದದ್ದು

ಅಲ್ಲಿಯವರೆಗೆ ನಾವೇ ಒಂದಿಷ್ಟು ಸಮಯ ಕೊಡೋಣ. ಸೆಟ್ಟಿಂಗ್ಸ್ ತೆರೆದು ಅಕ್ಷರದ ಗಾತ್ರ ಹೆಚ್ಚಿಸಿ. ಆಂಡ್ರಾಯ್ಡ್‌ನಲ್ಲಿ ‘ನ್ಯಾವಿಗೇಷನ್’ ಎಂಬ ಆಯ್ಕೆಯನ್ನು ಹುಡುಕಿದರೆ ಹೆಚ್ಚಿನ ಫೋನ್‌ಗಳಲ್ಲಿ ಹಳೆಯ ಮೂರು ಬಟನ್‌ಗಳನ್ನು ಮರಳಿ ಪಡೆಯಬಹುದು. ಬೇಡದ ಚಿತ್ರಗಳನ್ನು ಮೊದಲ ಪುಟದಿಂದ ತೆಗೆಯಿರಿ. ಮಕ್ಕಳ ಹೆಸರಿನ ಜೊತೆ ಫೋಟೋ ಹಾಕಿ. ಪಿನ್ ಮತ್ತು ಒಟಿಪಿ ಯಾರಿಗೂ ಹೇಳಬಾರದೆಂದು ತಿಳಿಸಿ. ಹಣ ವಂಚನೆಯಾದರೆ ಕೂಡಲೇ 1930ಕ್ಕೆ ಕರೆ ಮಾಡಬೇಕೆಂಬುದನ್ನೂ ಹೇಳಿಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಫೋನನ್ನು ಕೈಯಿಂದ ಕಸಿದುಕೊಂಡು ನೀವೇ ಮಾಡಿ ಮುಗಿಸಬೇಡಿ. ಅವರ ಬೆರಳಿನಿಂದಲೇ ಮಾಡಿಸಿ. ಜನರಿಗೆ ಕಷ್ಟ ಕೊಡದೆ ಸುಲಭ ಮಾಡಿಕೊಡುವುದನ್ನು ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರಲ್ಲವೇ? ನಮಗೆ ಅಕ್ಷರ ತಿದ್ದಿಸುವಾಗ ಉಮ್ಮ ಎಷ್ಟು ಸಲ ತಾಳ್ಮೆ ತೋರಿದ್ದರೆಂಬುದನ್ನು ನೆನಪಿಸಿಕೊಂಡರೆ ಸಾಕು.

ಹುಡುಕಿದಾಗ ಉಮ್ಮನ ಫೋನಿನಲ್ಲೂ ಒಂದೇ ಒತ್ತಿಗೆ ಕರೆ ಸ್ವೀಕರಿಸುವ ಆಯ್ಕೆ ಸಿಕ್ಕಿತು. ಮರುದಿನ ಸಂಜೆ ತಮ್ಮನ ಕರೆ ಬಂದಾಗ ನಾನು ಅಡುಗೆ ಮನೆಯಲ್ಲೇ ನಿಂತೆ. ರಿಂಗ್ ನಿಂತಿತು. ಎದೆ ಧಸಕ್ಕೆಂದಿತು. ಮರುಕ್ಷಣವೇ ಜಗಲಿಯಿಂದ ಉಮ್ಮನ ಧ್ವನಿ ಕೇಳಿಸಿತು: “ಊಟ ಆಯಿತಾ ಮಗಾ?”