ಪಶುಶಿಲ್ಪ ಮತ್ತು ಕಲೆಯ ಶ್ರೇಣೀಕರಣ: ಬಾರೀಯ ಕಂಚಿನ ಕೃತಿಗಳು

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಫ್ರಾನ್ಸಿನಲ್ಲಿ ಕಲಾಕೃತಿಯ ಹಿರಿಮೆಯನ್ನು ಅದರ ವಸ್ತುವಿನಿಂದ ಅಳೆಯುವ ಪದ್ಧತಿಯಿತ್ತು. ಪುರಾಣ, ಇತಿಹಾಸ ಹಾಗೂ ಧರ್ಮಕ್ಕೆ ಸಂಬಂಧಿಸಿದ ವಸ್ತುಗಳು ಮೇಲಿನ ಶ್ರೇಣಿಗೆ ಸೇರಿದರೆ, ಪ್ರಾಣಿಚಿತ್ರಣ ಕೆಳಗಿನ ಶ್ರೇಣಿಗೆ ಸೇರುತ್ತಿತ್ತು. ವೀರನ ಕುದುರೆಯಾಗಿಯೋ ರಾಜಲಾಂಛನದ ಸಿಂಹವಾಗಿಯೋ ಅಲ್ಲದೆ, ಪ್ರಾಣಿಯು ತಾನಾಗಿಯೇ ಶಿಲ್ಪದ ವಸ್ತುವಾಗಬಲ್ಲುದೆಂಬುದನ್ನು ಅಲ್ಲಿನ ಅಕಾಡೆಮಿ ಸುಲಭವಾಗಿ ಒಪ್ಪಲಿಲ್ಲ. ಪಶುಶಿಲ್ಪಿಗಳಿಗೆ ‘ಆನಿಮಾಲಿಯೇ’ ಎಂಬ ಹೆಸರು ಮೊದಲು ಅಂಟಿಕೊಂಡುದು ಹಗುರವಾದ ಅರ್ಥದಲ್ಲಿಯೇ. ಈ ಶ್ರೇಣೀಕರಣವನ್ನು ತಮ್ಮ ಕೃತಿಗಳಿಂದಲೇ ಪ್ರಶ್ನಿಸಿದವರಲ್ಲಿ ಆಂತ್ವಾನ್ ಲೂಯಿ ಬಾರೀ (1795-1875) ಅಗ್ರಗಣ್ಯನು.

ಅಕ್ಕಸಾಲಿಗನ ಮಗನಾದ ಬಾರೀ ಅದೇ ಕಸುಬಿನಲ್ಲಿ ಕೈ ಪಳಗಿಸಿಕೊಂಡವನು. ಪ್ಯಾರಿಸ್ಸಿನ ಸಸ್ಯೋದ್ಯಾನದ ಪ್ರಾಣಿಸಂಗ್ರಹದಲ್ಲಿ ಚಿತ್ರಕಾರ ದೆಲಕ್ರುವಾನ ಜೊತೆಗೂಡಿ ಮೃಗಗಳ ಅಂಗರಚನೆಯನ್ನು ಅಭ್ಯಸಿಸಿದನು. 1831ರ ಸಲೋನ್ ಪ್ರದರ್ಶನದಲ್ಲಿ ಗಂಗಾನದಿಯ ಮೊಸಳೆಯನ್ನು ಕಬಳಿಸುವ ಹುಲಿಯ ಶಿಲ್ಪವೂ, 1833ರಲ್ಲಿ ಸರ್ಪವನ್ನು ಮೆಟ್ಟಿದ ಸಿಂಹದ ಗಚ್ಚಿನ ಮಾದರಿಯೂ ಅವನಿಗೆ ಕೀರ್ತಿ ತಂದವು. ಈ ಸಿಂಹವನ್ನು ಮುಂದೆ ಹೊನೊರೆ ಗೊನೊ ಎಂಬ ಎರಕಗಾರನು ಮೇಣದಚ್ಚಿನ ವಿಧಾನದಿಂದ ಕಂಚಿನಲ್ಲಿ ಎರೆದನು. ಭಾರತೀಯ ಶಿಲ್ಪಪರಂಪರೆಯಲ್ಲಿ ಮಧೂಚ್ಛಿಷ್ಟ ವಿಧಾನವೆಂದು ಹೆಸರಾದುದೂ ಇದೇ ತತ್ತ್ವದ್ದು. ಮೇಣ ಕರಗಿ ತೆರವಾದ ಜಾಗವನ್ನು ಲೋಹ ತುಂಬುವುದರಿಂದ ರೋಮದ ಸೂಕ್ಷ್ಮರೇಖೆಗಳೂ ಉಳಿಯುತ್ತವೆ.

1834ರಲ್ಲಿ ಓರ್ಲೆಯಾನ ಡ್ಯೂಕನು ಭೋಜನದ ಮೇಜನ್ನು ಅಲಂಕರಿಸಲು ಬೇಟೆಯ ಶಿಲ್ಪಗಳನ್ನು ಮಾಡಿಕೊಡುವಂತೆ ಬಾರೀಯನ್ನು ನಿಯೋಜಿಸಿದನು. ಅವುಗಳಲ್ಲಿ ಪ್ರಧಾನವಾದುದು ಆನೆಯೇರಿದ ಭಾರತೀಯರ ಹುಲಿಬೇಟೆ. 1837ರಲ್ಲಿ ಸಲೋನ್‌ನ ತೀರ್ಪುಗಾರರು ಇವನ್ನು ಅಕ್ಕಸಾಲಿಕೆಯ ಕೆಲಸವೆಂದು ತಿರಸ್ಕರಿಸಿದರು. ಶಿಲ್ಪದ ಗುಣವಲ್ಲ, ಅದನ್ನಿರಿಸುವ ಜಾಗವೇ ಇಲ್ಲಿ ಮಾನದಂಡವಾದುದು ಗಮನಾರ್ಹ. ಬಾರೀ 1850ರವರೆಗೆ ಸಲೋನಿನಿಂದ ದೂರ ಉಳಿದನು. ಚಿಕ್ಕ ಕಂಚುಗಳನ್ನು ಬೆಲೆಪಟ್ಟಿಯೊಡನೆ ನೇರವಾಗಿ ಮಾರುವ ಮಾರ್ಗ ಹಿಡಿದನಾದರೂ, 1848ರ ದಿವಾಳಿಯಲ್ಲಿ ಅವನ ಮಾದರಿಗಳು ಸಾಲಿಗರ ವಶವಾದವು.

1854ರಲ್ಲಿ ಬಾರೀ ಪ್ಯಾರಿಸ್ಸಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಪ್ರಾಣಿಚಿತ್ರಣದ ಅಧ್ಯಾಪಕನಾದನು. ರೋದಾನನು ಅಲ್ಲಿ ಅವನ ಪಾಠ ಕೇಳಿದವನು. 1868ರಲ್ಲಿ ಲಲಿತಕಲೆಗಳ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಮೇನ್, ಫ್ರೆಮಿಯೇ ಮೊದಲಾದವರಿಂದ ಈ ಪ್ರಕಾರ ಬೆಳೆಯಿತು. ಬಾರೀಯ ಮರಣಾನಂತರ ಬಾರ್ಬೆದಿಯೆನ್ ಎರಕಶಾಲೆ ಅವನ ಅನೇಕ ಮಾದರಿಗಳನ್ನು ಕೊಂಡು ಎರೆಯಿತು. ಆದ್ದರಿಂದ ಅವನ ಹೆಸರಿನ ಕಂಚುಗಳೆಲ್ಲ ಅವನ ಕಣ್ಣೆದುರಿನ ಎರಕಗಳಲ್ಲ. ಕಲೆ ಮತ್ತು ಕಸುಬುಗಳ ನಡುವಿನ ಗೆರೆ ಕೃತಿಯಲ್ಲಿ ಹುಟ್ಟಿದುದಲ್ಲ, ತೀರ್ಪಿನಲ್ಲಿ ಹುಟ್ಟಿದುದು ಎಂಬುದನ್ನು ಈ ಇತಿಹಾಸ ಸ್ಪಷ್ಟಪಡಿಸುತ್ತದೆ.